ಶಿಖರದ ಲೆಕ್ಕಕ್ಕಿಂತ ಮೊದಲು ಹಾಸಿಗೆಯ ಲೆಕ್ಕ

ಪ್ರಶ್ನೆ: ನಾವು ಐದು ಜನ: ನಾನು, ನನ್ನ ಗಂಡ, ಮೈದುನ, 64 ವರ್ಷದ ಅಪ್ಪ, 9 ವರ್ಷದ ಮಗಳು. ಒಂದು ಬೆಟ್ಟದ ಅಭಯಾರಣ್ಯಕ್ಕೆ ಎರಡು ರಾತ್ರಿ, ಮೂರು ಹಗಲಿಗೆ ಹೋಗುವ ಯೋಚನೆ ಇದೆ. ಬೆಟ್ಟದ ಬುಡದ ಊರು 700 ಮೀಟರ್ ಎತ್ತರದಲ್ಲಿದೆ, ಅಲ್ಲಿ ಒಳ್ಳೆ ಹೋಟೆಲ್ ಇದೆ. ಕಾಡಿನ ಒಳಗೆ 2,300 ಮೀಟರ್‌ನಲ್ಲಿ ಒಂದು ಸಾದಾ ಗೆಸ್ಟ್‌ಹೌಸ್ ಇದೆ. ಅಲ್ಲಿಗೆ ಊರಿಂದ ಒಂದೂವರೆ ಗಂಟೆಯ ದಾರಿ, ಗೇಟ್ ತೆಗೆಯುವುದು ಬೆಳಗ್ಗೆ 7ಕ್ಕೆ. ಗೆಸ್ಟ್‌ಹೌಸಿಂದ 3,100 ಮೀಟರ್‌ನ ಶಿಖರಕ್ಕೆ ಹೋಗಿಬರಲು 12 ಕಿಲೋಮೀಟರ್. ನಾವ್ಯಾರೂ ಹಿಂದೆ ಚಾರಣ ಮಾಡಿದವರಲ್ಲ. ಎಲ್ಲಿ ಉಳಿಯಬೇಕು? ಶಿಖರ ಆಗುತ್ತಾ? ಗೈಡ್ ಬೇಕಾ? ಯಾವ ಶೂ? ಮಗಳು ಬೈನಾಕ್ಯುಲರ್ ಬೇಕು ಅಂತಿದ್ದಾಳೆ, ಕೊಡಿಸಲಾ?

ಉತ್ತರ: ಒಳಗಿನ ಗೆಸ್ಟ್‌ಹೌಸಿನಲ್ಲೇ ಉಳಿಯಿರಿ. ಬಿಸಿನೀರು ಬಕೆಟ್‌ನಲ್ಲಿ ಬರಲಿ, ಹಾಸಿಗೆ ಗಟ್ಟಿ ಇರಲಿ, ರಾತ್ರಿ ಕರೆಂಟ್ ಇಲ್ಲದೇ ಇರಲಿ, ಅಲ್ಲೇ ಉಳಿಯಿರಿ. ಮೊದಲ ಸಲ ಬರುವವರೆಲ್ಲ ಕೇಳುವುದು ಶಿಖರದ ಬಗ್ಗೆ, ಶೂ ಬಗ್ಗೆ. ಉಳಿಯುವ ಜಾಗದ ಬಗ್ಗೆ ಕೇಳಿದರೂ ಅದು ರೂಮ್ ಚೆನ್ನಾಗಿದೆಯಾ ಅನ್ನುವ ಅರ್ಥದಲ್ಲಿ. ಆದರೆ ಬೆಟ್ಟದಲ್ಲಿ ನೀವು ರಾತ್ರಿ ಎಲ್ಲಿ ಮಲಗುತ್ತೀರೋ ಅದರ ಮೇಲೆಯೇ ಮಾರನೇ ದಿನದ ನಡಿಗೆ ನಿಂತಿರುತ್ತದೆ. ಎಷ್ಟು ದೂರ ಹೋಗಬಹುದು, ಮಳೆಗೆ ಸಿಕ್ಕಿಕೊಳ್ಳುತ್ತೀರಾ ಇಲ್ವಾ, ಪ್ರಾಣಿ ಕಾಣುತ್ತದಾ ಇಲ್ವಾ, ಎಲ್ಲವೂ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇವತ್ತಿಗೂ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ನಿಮಗೆ ಹತ್ತುವ ದಾರಿ 6 ಕಿಲೋಮೀಟರ್, ಏರು 800 ಮೀಟರ್. ಸೂತ್ರದ ಪ್ರಕಾರ ಹತ್ತಲು ಸುಮಾರು ಎರಡೂವರೆ ಗಂಟೆ, ಇಳಿಯಲು ಒಂದೂಕಾಲು. ಒಟ್ಟು ಪೌಣೆ ನಾಲ್ಕು. ಚೆನ್ನಾಗಿದೆ ಅನಿಸಿತು ಅಲ್ವಾ? ಆದರೆ ಇದು ಗಟ್ಟಿಮುಟ್ಟಾದ, ಅಭ್ಯಾಸ ಇರುವ, ನಡುವೆ ಎಲ್ಲೂ ಕೂರದ ಮನುಷ್ಯನ ಲೆಕ್ಕ. ನೀರು ಕುಡಿಯಲು, ಶೂ ಲೇಸ್ ಕಟ್ಟಲು, ಹೂವು ನೋಡಲು, 'ಅಮ್ಮಾ ಇನ್ನೂ ಎಷ್ಟು ದೂರ' ಅನ್ನುವುದಕ್ಕೆ ಉತ್ತರ ಕೊಡಲು ಇದರಲ್ಲಿ ಸಮಯವೇ ಇಲ್ಲ. ನಿಮ್ಮ ಗುಂಪಿಗೆ ಹತ್ತಲು 4 ಗಂಟೆ, ಇಳಿಯಲು ಹತ್ತಿರ ಹತ್ತಿರ 3 ಗಂಟೆ ಇಟ್ಟುಕೊಳ್ಳಿ. ಒಟ್ಟು 7 ಗಂಟೆ.

ಈಗ ಊರಿನ ಹೋಟೆಲಿಂದ ಹೊರಟಿರಿ ಅಂದುಕೊಳ್ಳಿ. 7ಕ್ಕೆ ಗೇಟ್ ತೆಗೆದರು. ನೀವು ಮೇಲೆ ತಲುಪಿ, ಗಾಡಿ ನಿಲ್ಲಿಸಿ, ಮಗುವನ್ನು ಶೌಚಾಲಯಕ್ಕೆ ಕರೆದೊಯ್ದು ಹೆಜ್ಜೆ ಹಾಕುವಷ್ಟರಲ್ಲಿ 9. ಶಿಖರಕ್ಕೆ ಮಧ್ಯಾಹ್ನ 1. ಬೆಟ್ಟದಲ್ಲಿ ತಲುಪಬಾರದ ಹೊತ್ತು ಅದೇ. ಬಿಸಿಲು ಏರಿದಂತೆ ಇಳಿಜಾರುಗಳು ಕಾಯುತ್ತವೆ. ಕಾದ ಗಾಳಿ ಬೆಟ್ಟದ ಮೈ ಹಿಡಿದು ಮೇಲೇರುತ್ತದೆ, ಮೇಲೆ ಹೋದಂತೆ ತಣಿಯುತ್ತದೆ, ಮೋಡವಾಗುತ್ತದೆ. ಹಾಗಾಗಿ ಮಧ್ಯಾಹ್ನದ ಮಂಜು, ಗುಡುಗು ಜಾಸ್ತಿ. ಅದೇ ಗೆಸ್ಟ್‌ಹೌಸಿನಲ್ಲಿ ಮಲಗಿ ಎದ್ದವರು 6ಕ್ಕೆ ಹೊರಟರೆ 10ಕ್ಕೆ ಶಿಖರದಲ್ಲಿ, ಒಂದೂವರೆಗೆ ಊಟದ ತಟ್ಟೆ ಮುಂದೆ. ಮೋಡ ಕಟ್ಟುವ ಹೊತ್ತಿಗೆ ನೀವು ಕಿಟಕಿಯಿಂದ ಅದನ್ನು ನೋಡುತ್ತಿರುತ್ತೀರಿ.

ಮಲೇಷ್ಯಾದ ಕಿನಬಾಲು ಬೆಟ್ಟ 4,095 ಮೀಟರ್. ಅಲ್ಲಿ ಹತ್ತುವವರು ಸಾಮಾನ್ಯವಾಗಿ 3,270 ಮೀಟರ್ ಆಸುಪಾಸಿನಲ್ಲಿ ರಾತ್ರಿ ಕಳೆದು, ಬೆಳಗಿನ ಜಾವ ಎರಡು ಎರಡೂವರೆಗೇ ಎದ್ದು ಹೊರಡುತ್ತಾರೆ. ಸೂರ್ಯೋದಯದ ಆಸೆ ಒಂದು ಕಾರಣ. ಬೆಳಗ್ಗೆ ಹೊತ್ತೇರಿದ ಮೇಲೆ ಮೋಡ ಮುಚ್ಚಿಬಿಡುತ್ತದೆ ಅನ್ನುವುದು ಇನ್ನೊಂದು. ನಿಮ್ಮದು ಅಷ್ಟು ದೊಡ್ಡ ಬೆಟ್ಟವಲ್ಲ, ಎರಡೂವರೆಗೆ ಏಳಬೇಕಾಗಿಲ್ಲ. ಆದರೆ ತತ್ವ ಒಂದೇ.

ಬುಕಿಂಗ್ ಮಾಡುವಾಗ ಫೋನಿನಲ್ಲಿ ಕೇಳಬೇಕಾದ್ದೂ ಇದೇ. ರೂಮಿನ ಫೋಟೋ ಆಮೇಲೆ. ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಗೆ ಬಿಡುತ್ತೀರಿ, ತಿಂಡಿ 8ಕ್ಕೇನಾ ಅಥವಾ ಹಿಂದಿನ ರಾತ್ರಿಯೇ ಕಟ್ಟಿಕೊಡುತ್ತೀರಾ, ನಡೆಯುವ ದಾರಿ ಬಾಗಿಲಿಂದಲೇ ಶುರುವಾಗುತ್ತದಾ ಅಥವಾ ಮತ್ತೆ ಗಾಡಿಯಲ್ಲಿ ಹೋಗಬೇಕಾ, ಆ ತಿಂಗಳಲ್ಲಿ ಯಾವುದಾದರೂ ದಾರಿ ಮುಚ್ಚಿರುತ್ತದಾ ಅಂತ ಕೇಳಿ. ಕೆಲವು ಗೆಸ್ಟ್‌ಹೌಸ್‌ಗಳಲ್ಲಿ ಬೆಳಕು ಹರಿಯುವ ಮುಂಚೆ ಅಂಗಳ ದಾಟಲೂ ಬಿಡುವುದಿಲ್ಲ, ಪ್ರಾಣಿಗಳ ಓಡಾಟದ ಕಾರಣಕ್ಕೆ. ಅದು ಗೊತ್ತಿಲ್ಲದೆ ಹೋದರೆ ನಿಮ್ಮ 6 ಗಂಟೆ ಸುಮ್ನೆ 8 ಆಗುತ್ತದೆ.

ದಾರಿ ಮುಚ್ಚುವ ವಿಷಯ ಹೇಳಿದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ದುಡ್ಡು ಕೊಟ್ಟು ಅಷ್ಟು ದೂರ ಬಂದಿದೀವಿ, ಬಿಡಲ್ಲ ಅಂದ್ರೆ ಹೇಗೆ' ಅಂತ ಜಗಳ ಆಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಭಯಾರಣ್ಯ ಇರುವುದು ಅಲ್ಲಿನ ಜೀವಗಳಿಗೆ, ನಾವು ಅತಿಥಿಗಳು. ಒಣಗಾಲದಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಜಾರಿಕೆ, ಮರಿ ಹಾಕುವ ಕಾಲದಲ್ಲಿ ಪ್ರಾಣಿಗಳ ನೆಮ್ಮದಿ, ಹೀಗೆ ಕಾರಣ ಬೇರೆ ಬೇರೆ. ಚೀನಾದ ಹುವಾಂಗ್‌ಶಾನ್‌ನಲ್ಲಿ ಎರಡು ಹೆಸರುವಾಸಿ ಶಿಖರಗಳನ್ನು ಸರದಿಯ ಮೇಲೆ ವರ್ಷಗಟ್ಟಲೆ ಮುಚ್ಚಿ ವಿಶ್ರಾಂತಿ ಕೊಡುತ್ತಾರೆ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನ 1914ರಲ್ಲಿ ಶುರುವಾದದ್ದು, ಸುಮಾರು 170 ಚದರ ಕಿಲೋಮೀಟರ್ ಇದೆ. ಅಷ್ಟು ದೊಡ್ಡ ಜಾಗದ ಒಳಗೆ ರಾತ್ರಿ ಉಳಿಯಲು ಇರುವುದು ಎರಡೇ ಕಡೆ, ಒಂದು ಹೋಟೆಲ್ ಮತ್ತು ಒಂದು ಬೆಟ್ಟದ ಮನೆ. ಗುರುತು ಹಾಕಿದ ದಾರಿ ಬಿಟ್ಟು ಕಾಲಿಡುವ ಹಾಗಿಲ್ಲ. ನಾಯಿಯನ್ನು ಹಗ್ಗ ಕಟ್ಟಿ ಕರೆತಂದರೂ ಒಳಗೆ ಬಿಡುವುದಿಲ್ಲ. ಕಟ್ಟುನಿಟ್ಟು ಅನಿಸಬಹುದು. ಆದರೆ ದಾರಿಯ ಮೇಲೇ ನಡೆಯುವ ಮನುಷ್ಯರನ್ನು ಪ್ರಾಣಿಗಳು ಕ್ರಮೇಣ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವು ಎಲ್ಲಿಂದ ಬರುತ್ತೇವೆ, ಎಲ್ಲಿಗೆ ಹೋಗುತ್ತೇವೆ ಅಂತ ಅವಕ್ಕೆ ಗೊತ್ತಾಗಿರುತ್ತದೆ.

ಶಿಖರ ಆಗುತ್ತಾ ಅಂತ ಕೇಳಿದ್ದೀರಿ. ನಿಮ್ಮಲ್ಲಿ ಮೂವರಿಗೆ ಆಗುತ್ತದೆ. ಐದೂ ಜನಕ್ಕೆ ಆಗಲಿ ಅಂತ ಹಟ ಹಿಡಿಯಬೇಡಿ. ನಾನು ಹೇಳುವ ಯೋಜನೆ ಇದು. ಮೊದಲ ದಿನ ಮಧ್ಯಾಹ್ನದೊಳಗೆ ಗೆಸ್ಟ್‌ಹೌಸ್ ಸೇರಿ, ಸಂಜೆ ಒಂದು ಗಂಟೆ ಸಮತಟ್ಟಾದ ಕಡೆ ಸುಮ್ನೆ ಓಡಾಡಿ. ಎರಡನೇ ದಿನ ದೊಡ್ಡ ನಡಿಗೆ. ಮೂರನೇ ದಿನ ಬೆಳಗ್ಗೆ ಹತ್ತಿರದಲ್ಲೇ ಕೂತು ಹಕ್ಕಿ, ಪ್ರಾಣಿ ನೋಡಿ, ಆಮೇಲೆ ಇಳಿಯಿರಿ. ಎರಡನೇ ದಿನ ಐವರೂ ಒಟ್ಟಿಗೆ ಹೊರಡಿ. ಅರ್ಧ ದಾರಿಯಲ್ಲಿ ನಿಂತು ನೋಡಿ. ಅಪ್ಪ, ಮಗಳು ಖುಷಿಯಾಗಿದ್ದರೆ ಮುಂದೆ ಹೋಗಿ. ಇಲ್ಲದಿದ್ದರೆ ಅವರ ಜೊತೆ ನೀವಾಗಲಿ ನಿಮ್ಮ ಗಂಡನಾಗಲಿ ವಾಪಸ್ ಇಳಿಯಿರಿ, ಉಳಿದ ಇಬ್ಬರು ಗೈಡ್ ಜೊತೆ ಹೋಗಲಿ. ಯಾರೇ ಆಗಲಿ ಒಬ್ಬರೇ ವಾಪಸ್ ಹೋಗುವುದು, ಒಬ್ಬರೇ ದಾರಿಯಲ್ಲಿ ಕೂತು ಕಾಯುವುದು ಬೇಡ. 'ನಾನಿಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ' ಅಂತ ಹಿರಿಯರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಬೆವರು ಆರಿದ ಮೇಲೆ ಗಾಳಿಗೆ ಕೂತವರಿಗೆ ಅರ್ಧ ಗಂಟೆಯಲ್ಲಿ ಚಳಿ ಹಿಡಿಯುತ್ತದೆ. ಮಂಜು ಇಳಿದರೆ ಅವರು ಕೂತ ಜಾಗ ಹುಡುಕುವುದೇ ಕಷ್ಟ.

ಇನ್ನೊಂದು ಮಾತು. ಹೊರಡುವ ಮೊದಲೇ ತಿರುಗುವ ಹೊತ್ತು ಗೊತ್ತು ಮಾಡಿಕೊಳ್ಳಿ. ನಿಮಗೆ 11 ಗಂಟೆ. ಗಡಿಯಾರದಲ್ಲಿ 11 ಆದಾಗ ಶಿಖರ ಕಣ್ಣೆದುರೇ ಇದ್ದರೂ ತಿರುಗಬೇಕು. ಇದನ್ನು ಹಿಂದಿನ ರಾತ್ರಿ ಎಲ್ಲರೆದುರು ಜೋರಾಗಿ ಹೇಳಿಕೊಳ್ಳಿ, ಯಾಕೆಂದರೆ ಮೇಲೆ ಹೋದಾಗ 'ಇನ್ನೊಂದು ಇಪ್ಪತ್ತು ನಿಮಿಷ ಅಷ್ಟೇ' ಅನ್ನುವ ದನಿ ಬಂದೇ ಬರುತ್ತದೆ. ನನ್ನ ಹಳೆಯ ತಪ್ಪನ್ನೇ ಹೇಳುತ್ತೇನೆ. ಗುಂಪುಗಳನ್ನು ಕರೆದುಕೊಂಡು ಹೋಗಲು ಶುರು ಮಾಡಿದ ಹೊಸತರಲ್ಲಿ ಒಮ್ಮೆ ಆ ದನಿಗೆ ಸೋತು ನಲವತ್ತು ನಿಮಿಷ ತಡವಾಗಿ ತಿರುಗಿದೆ. ಇಳಿಯುವಾಗ ಒಬ್ಬರ ಮಂಡಿ ಹಿಡಿದುಕೊಂಡಿತು. ನಲವತ್ತು ನಿಮಿಷ ಎರಡೂವರೆ ಗಂಟೆಯಾಯಿತು. ಏಳು ಜನಕ್ಕೆ ಒಂದೇ ಟಾರ್ಚ್. ಮುಂದಿನವನು ಹೆಜ್ಜೆ ಇಟ್ಟು ಹಿಂದಕ್ಕೆ ಬೆಳಕು ತೋರಿಸುವುದು, ಮತ್ತೆ ಮುಂದಿನ ಹೆಜ್ಜೆ, ಮತ್ತೆ ಹಿಂದಕ್ಕೆ ಬೆಳಕು. ಹಾಗೆ ಕೆಳಗಿಳಿದೆವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತಿಂದ ಬೆಳಗಿನ ನಡಿಗೆಗೂ ತಲೆಗೊಂದು ಟಾರ್ಚ್ ಇಲ್ಲದೆ ನಾನು ಹೊರಡುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಆದರೆ ಕೈ ಖಾಲಿ ಇರುತ್ತದೆ. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಆ ಬ್ಯಾಟರಿ ಬೇರೆ ಕೆಲಸಕ್ಕೆ ಬೇಕು.

ಎತ್ತರದ ಬಗ್ಗೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2,500 ಮೀಟರ್ ದಾಟಿದ ಮೇಲೆ, ಅದೂ ಅಲ್ಲಿ ರಾತ್ರಿ ಕಳೆದವರಲ್ಲಿ. ನೀವು ಮಲಗುವುದು 2,300ರಲ್ಲಿ. ಕೆಲವರಿಗೆ ಮೊದಲ ರಾತ್ರಿ ಸ್ವಲ್ಪ ತಲೆನೋವು, ಅರೆಬರೆ ನಿದ್ದೆ ಇರಬಹುದು. ಅದಕ್ಕೇ ಮೊದಲ ದಿನ ಸುಮ್ನೆ ಓಡಾಡಿ ಅಂದದ್ದು. ಇಲ್ಲಿ ಜನ ಒಂದು ತಪ್ಪು ತಿಳಿದುಕೊಂಡಿರುತ್ತಾರೆ: ದಿನಾ ಓಡುವವನಿಗೆ, ಜಿಮ್‌ಗೆ ಹೋಗುವವನಿಗೆ ಏನೂ ಆಗಲ್ಲ ಅಂತ. ಹಾಗಿಲ್ಲ. ಮೈಕಟ್ಟು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ನಿಮ್ಮ ಮೈದುನನಿಗೆ ತಲೆ ಸಿಡಿದು, ಅಪ್ಪ ಆರಾಮಾಗಿ ಓಡಾಡಬಹುದು. ಎತ್ತರದಲ್ಲಿ ತಲೆನೋವಿನ ಜೊತೆ ವಾಂತಿ, ತಲೆಸುತ್ತು, ವಿಪರೀತ ಸುಸ್ತು ಬಂದರೆ ಇನ್ನೂ ಮೇಲೆ ಹೋಗಬೇಡಿ. ಜಾಸ್ತಿಯಾದರೆ ಕೆಳಗಿಳಿಯಿರಿ, ಅದಕ್ಕಿಂತ ಒಳ್ಳೆ ಮದ್ದಿಲ್ಲ. ಮುಂದೆಂದಾದರೂ ದೊಡ್ಡ ಬೆಟ್ಟಕ್ಕೆ ಹೋದರೆ ಬೇಕಾಗುತ್ತದೆ ಅಂತ ಹೇಳುತ್ತೇನೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ನೋಡಿ, ಅಲ್ಲೂ ಲೆಕ್ಕ ಹಾಸಿಗೆಯದ್ದೇ. ಅಪ್ಪನಿಗೆ ಬಿಪಿ, ಹೃದಯ, ಉಸಿರಾಟದ ತೊಂದರೆ ಏನಾದರೂ ಇದ್ದರೆ ಹೋಗುವ ಮೊದಲು ಅವರ ಡಾಕ್ಟರ ಹತ್ತಿರ ಎತ್ತರದ ಅಂಕಿ ಸಮೇತ ಕೇಳಿಬಿಡಿ.

ಚಳಿಯನ್ನೂ ಅಂಕಿಯಲ್ಲೇ ಹೇಳಬಹುದು. ಪ್ರತಿ 1,000 ಮೀಟರ್ ಏರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಿಮ್ಮ ಹೋಟೆಲಿನ ಊರಲ್ಲಿ 26 ಡಿಗ್ರಿ ಇದ್ದರೆ ಗೆಸ್ಟ್‌ಹೌಸಿನಲ್ಲಿ 15-16, ಶಿಖರದಲ್ಲಿ 10ರ ಹತ್ತಿರ. ಅದರ ಮೇಲೆ ಗಾಳಿ, ಅದರ ಮೇಲೆ ಒದ್ದೆ ಬಟ್ಟೆ. ಹತ್ತು ಡಿಗ್ರಿಯಲ್ಲಿ ನೆನೆದು ಗಾಳಿಗೆ ನಿಂತ ಮನುಷ್ಯನ ಮೈ ಅಪಾಯದ ಮಟ್ಟಕ್ಕೆ ತಣ್ಣಗಾಗಬಹುದು, ಹಿಮವೇ ಬೇಕಾಗಿಲ್ಲ. ಜೀನ್ಸ್, ಹತ್ತಿಯ ಟೀಶರ್ಟ್ ಬೇಡ ಅನ್ನುವುದು ಇದಕ್ಕೇ. ಹತ್ತಿ ನೀರು ಕುಡಿದು ಮೈಗಂಟಿಕೊಂಡು ಬೇಗ ಆರುವುದಿಲ್ಲ. ಬೇಗ ಒಣಗುವ ಬಟ್ಟೆ ಒಳಗೆ, ಬೆಚ್ಚಗಿನದು ನಡುವೆ, ಗಾಳಿ ಮಳೆ ತಡೆಯುವ ಜಾಕೆಟ್ ಮೇಲೆ. ಹತ್ತುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಹಾಕಿಕೊಳ್ಳಿ, ನಿಂತ ತಕ್ಷಣ ಜಾಕೆಟ್ ಏರಿಸಿ. ಬೆವರಿ ನೆನೆಯುವುದೂ ಮಳೆಯಲ್ಲಿ ನೆನೆದ ಹಾಗೇ. ಯಾರಾದರೂ ಮುಗ್ಗರಿಸಲು, ತೊದಲಲು, ವಿನಾಕಾರಣ ಸಿಡುಕಲು ಶುರು ಮಾಡಿದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಒಣ ಬಟ್ಟೆ, ಬಿಸಿ ಸಿಹಿ ಪಾನೀಯ, ಗಾಳಿ ಇಲ್ಲದ ಜಾಗ, ಈ ಮೂರೂ ಆಗಲೇ ಬೇಕು.

ಬಿಸಿಲಿನದು ಇದಕ್ಕೆ ತದ್ವಿರುದ್ಧ. ಗಾಳಿ ತಣ್ಣಗಿದ್ದರೂ ಪ್ರತಿ 1,000 ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಟೋಪಿ, ಸನ್‌ಸ್ಕ್ರೀನ್. ಅಷ್ಟು ಸಾಕು.

ಗೈಡ್ ಬೇಕಾ? ಕೆಲವು ಕಡೆ ಈ ಪ್ರಶ್ನೆಯೇ ಇಲ್ಲ, ಕಿನಬಾಲುವಿನಂತೆ ಪರವಾನಗಿ, ಗೈಡ್ ಎರಡೂ ಕಡ್ಡಾಯ. ಆಯ್ಕೆ ನಿಮಗೇ ಬಿಟ್ಟಿದ್ದರೆ ನನ್ನ ಮಾತು ಕೇಳಿ, ಈ ಸಲ ತೆಗೆದುಕೊಳ್ಳಿ. ದಾರಿ ತಪ್ಪುವ ಭಯ ಅದರಲ್ಲಿ ಸಣ್ಣ ಪಾಲು. ನಿಮ್ಮ ಐವರಲ್ಲಿ ಯಾರಿಗೂ ಬೆಟ್ಟದ ಅನುಭವ ಇಲ್ಲ ಅಂದರೆ ಮೋಡ ನೋಡಿ 'ಸಾಕು, ತಿರುಗೋಣ' ಅನ್ನುವವರು ಯಾರೂ ಇಲ್ಲ ಅಂತ ಅರ್ಥ. ಆ ಕೆಲಸ ಗೈಡ್ ಮಾಡುತ್ತಾರೆ. ಆದರೆ ಅವರು ಹೇಳಿದಾಗ ಕೇಳಬೇಕು. ಇನ್ನೂರು ಸಲ ಆ ದಾರಿ ನಡೆದವರಿಗೆ ಇಂಟರ್ನೆಟ್ಟಿನಲ್ಲಿ ನೋಡಿದ ಹವಾಮಾನದ ಚಿತ್ರ ತೋರಿಸಿ ವಾದಕ್ಕೆ ನಿಲ್ಲುವವರಿದ್ದಾರೆ. ಗೈಡ್ ಇದ್ದರೂ ಮೊಬೈಲಿನಲ್ಲಿ ನಕ್ಷೆ ಇಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಫೋನಿನಲ್ಲಿರಬೇಕು ಅಷ್ಟೇ. ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು ಒಳ ಜೇಬಿಗೆ ಹಾಕಿ. ಸಿಗ್ನಲ್ ಹುಡುಕಿ ಹುಡುಕಿ, ಚಳಿಗೆ ಸೋತು, ಬ್ಯಾಟರಿ ಅರ್ಧ ದಾರಿಯಲ್ಲೇ ಕೈ ಕೊಡುತ್ತದೆ. ಗೆಸ್ಟ್‌ಹೌಸ್ ನೋಡಿಕೊಳ್ಳುವವರ ಹತ್ತಿರ ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿ ಬರೆದು ಕೊಡಿ. ಇದು ಒಳಗೆ ಉಳಿಯುವುದರ ಇನ್ನೊಂದು ಲಾಭ: ಬರಲಿಲ್ಲ ಅಂದರೆ ಗಮನಿಸುವವರು ಒಬ್ಬರು ಹತ್ತಿರದಲ್ಲೇ ಇರುತ್ತಾರೆ. ಬಂದ ಮೇಲೆ ಬಂದೆವು ಅಂತ ಹೇಳಿ. ಹೇಳದೆ ಮಲಗಿದವರನ್ನು ರಾತ್ರಿಯಿಡೀ ಹುಡುಕಿದ್ದೂ ಇದೆ.

ಮಗಳ ಕೊರಳಿಗೆ ಒಂದು ಸೀಟಿ ಹಾಕಿ, ಅದನ್ನು ಊದುವ ಲೆಕ್ಕ ಕಲಿಸಿ. ನಿಮಿಷಕ್ಕೆ ಆರು ಸಲ ಊದುವುದು, ಒಂದು ನಿಮಿಷ ಬಿಡುವುದು, ಮತ್ತೆ ಆರು ಸಲ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಯಾರೋ ಕೇಳಿಸಿಕೊಂಡರು ಅಂತ. ಆಲ್ಪ್ಸ್ ಬೆಟ್ಟಗಳಲ್ಲಿ 1894ರಿಂದ ಬಳಕೆಗೆ ಬಂದ ಸಂಜ್ಞೆ ಇದು. ರಾತ್ರಿಯಾದರೆ ಟಾರ್ಚಿನ ಮಿಂಚಿಗೂ ಇದೇ ಲೆಕ್ಕ. ಆಟಕ್ಕೆ ಊದಬಾರದು ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಿ, ಅಲ್ಲಿ ಉಳಿದವರಿಗೂ ಪ್ರಾಣಿಗಳಿಗೂ ಅದು ಹಿಂಸೆ. ಮತ್ತೆ, ಅವಳನ್ನು ಮುಂದೆ ಬಿಟ್ಟು ಅವಳ ವೇಗಕ್ಕೆ ನೀವು ನಡೆಯಿರಿ. ಹಿಂದೆ ಬಿದ್ದ ಮಗು ಅಳುತ್ತದೆ, ಮುಂದೆ ನಡೆಯುವ ಮಗು ಹಾಡುತ್ತದೆ. ಹಸಿವು, ಚಳಿ ಅವರು ಬಾಯಿಬಿಟ್ಟು ಹೇಳುವುದು ತಡ. ಮುಕ್ಕಾಲು ಗಂಟೆಗೊಮ್ಮೆ ನೀವೇ ನಿಲ್ಲಿಸಿ ಏನಾದರೂ ತಿನ್ನಿಸಿ.

ಶೂ ಬಗ್ಗೆ ಜನ ಪುಟಗಟ್ಟಲೆ ಬರೆಯುತ್ತಾರೆ. ನಾನು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಅಡಿಯಲ್ಲಿ ಆಳವಾದ ಹಲ್ಲಿರಲಿ, ಮುಂದೆ ಹೆಬ್ಬೆರಳಿಗೆ ಒಂದು ಬೆರಳಗಲ ಜಾಗವಿರಲಿ. ಹೋಗುವ ಮೊದಲು ಕನಿಷ್ಠ ನಾಲ್ಕೈದು ಸಲ ಅದನ್ನೇ ಹಾಕಿಕೊಂಡು ನಡೆದಿರಬೇಕು. ಡಬ್ಬಿಯಿಂದ ತೆಗೆದ ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಬಂದರೆ ಎರಡನೇ ಗಂಟೆಗೇ ಹಿಮ್ಮಡಿಯಲ್ಲಿ ಗುಳ್ಳೆ. ಹಿಮ್ಮಡಿ ಬಿಸಿಯಾಯಿತು ಅನಿಸಿದ ಕ್ಷಣವೇ ನಿಂತು ಟೇಪ್ ಅಂಟಿಸಿ, ಗುಳ್ಳೆ ಎದ್ದ ಮೇಲಲ್ಲ. ಹಿಂದಿನ ದಿನ ಕಾಲುಗುರು ಕತ್ತರಿಸಿ. ಇಳಿಯುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಬಿಗಿಮಾಡಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ.

ಅಪ್ಪನಿಗೆ ನಿಜವಾದ ಕಷ್ಟ ಇರುವುದು ಇಳಿಯುವುದರಲ್ಲಿ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ಹಿಡಿದಿಡಬೇಕು, ಅದಕ್ಕೇ ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲಿಳಿಯಲು ಆಗದಷ್ಟು ನೋವು. ಹೊರಡುವ ಐದಾರು ವಾರ ಮುಂಚೆಯೇ ವಾರಕ್ಕೆ ಮೂರು ಸಲ ಮೆಟ್ಟಿಲು ಅಭ್ಯಾಸ ಮಾಡಿ. ಹತ್ತಿ ಲಿಫ್ಟಿನಲ್ಲಿ ಇಳಿಯುವವರೇ ಜಾಸ್ತಿ. ಬೇಕಾದರೆ ಲಿಫ್ಟಿನಲ್ಲಿ ಹತ್ತಿ, ಆದರೆ ಕಾಲಲ್ಲಿ ಇಳಿಯಿರಿ. ಅಪ್ಪನಿಗೆ ಎರಡು ಊರುಗೋಲು ಕೊಡಿ. ಟ್ರೆಕ್ಕಿಂಗ್ ಪೋಲ್ ಅಂದರೆ ಮುಜುಗರಪಡುವ ಹಿರಿಯರಿದ್ದಾರೆ, ನನಗೇನು ವಯಸ್ಸಾಗಿದೆಯಾ ಅಂತ. ಮೈದುನನ ಕೈಗೂ ಎರಡು ಕೊಟ್ಟುಬಿಡಿ, ಆಗ ಸರಿಹೋಗುತ್ತದೆ.

ನೀರು ತೊರೆಯಲ್ಲಿ ಎಷ್ಟೇ ತಿಳಿಯಾಗಿ ಹರಿಯಲಿ, ಹಾಗೇ ಕುಡಿಯಬೇಡಿ. ಮೇಲೆ ಯಾವ ಪ್ರಾಣಿ ಏನು ಮಾಡಿದೆಯೋ ನಮಗೆ ಗೊತ್ತಿರುವುದಿಲ್ಲ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ನಿಮ್ಮ ಗೆಸ್ಟ್‌ಹೌಸಿನಲ್ಲಿ 92 ಡಿಗ್ರಿ ಆಸುಪಾಸಿಗೆ. ಆದ್ದರಿಂದ 2,000 ಮೀಟರ್ ಮೇಲೆ ಒಂದು ನಿಮಿಷದ ಬದಲು ಮೂರು ನಿಮಿಷ ಕುದಿಸಿ. ಅಡುಗೆಯವರು ಊಟ ತಡ ಮಾಡಿದರೆ ಬೈಯಬೇಡಿ, ಅಲ್ಲಿ ಕಾಳು ಬೇಯುವುದೇ ನಿಧಾನ.

ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮಗೂ ತಾಗುವಷ್ಟು ಹತ್ತಿರ ಇದೆ ಅಂತಲೇ ತಿಳಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಎಣಿಸುತ್ತಾ ನಿಲ್ಲಬೇಡಿ, ಬೆಟ್ಟದ ಏಣು ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಏಣಿನ ಮೇಲೆ ಹೋಗಬೇಡಿ.

ಬೆಂಕಿಯ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಚಿಲಿ ದೇಶದ ಟೊರೆಸ್ ಡೆಲ್ ಪೈನೆ ಉದ್ಯಾನದಲ್ಲಿ 2005ರಲ್ಲಿ ಒಬ್ಬ ಪ್ರವಾಸಿ, ಅನುಮತಿ ಇಲ್ಲದ ಜಾಗದಲ್ಲಿ ಡೇರೆ ಹಾಕಿದ್ದ. ಅವನ ಸಣ್ಣ ಗ್ಯಾಸ್ ಒಲೆ ಗಾಳಿಗೆ ಉರುಳಿತು. ಸುಟ್ಟುಹೋದದ್ದು ಸುಮಾರು 15 ಸಾವಿರ ಹೆಕ್ಟೇರ್. ಅವನೇನೂ ಕೆಟ್ಟವನಲ್ಲ, ಚಳಿಗೆ ಬಿಸಿಯಾಗಿ ಏನೋ ಮಾಡಿಕೊಳ್ಳಲು ಹೊರಟಿದ್ದ ಅಷ್ಟೇ. ಕ್ಯಾಂಪ್‌ಫೈರ್ ಇಲ್ಲ ಅಂದರೆ ಮಕ್ಕಳಿಗೆ ಬೇಜಾರಾಗುತ್ತದೆ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ದೀಪ ಆರಿಸಿ ಅಂಗಳದಲ್ಲಿ ಕಾಲು ಗಂಟೆ ಕೂರಿಸಿ ನೋಡಿ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಾಣುವ ನಕ್ಷತ್ರಗಳನ್ನು ಎಣಿಸುವಷ್ಟರಲ್ಲಿ ಅವರಿಗೆ ಬೆಂಕಿ ಮರೆತೇ ಹೋಗಿರುತ್ತದೆ.

ದಾರಿಯಲ್ಲಿ ಕೆಸರು ಬಂದರೆ ಪಕ್ಕದ ಹುಲ್ಲಿನ ಮೇಲೆ ಬಳಸಿ ಹೋಗಬೇಡಿ, ಕೆಸರಲ್ಲೇ ನಡೆಯಿರಿ. ಪ್ರತಿಯೊಬ್ಬರೂ ಬಳಸಿದರೆ ಎರಡಡಿ ದಾರಿ ಹತ್ತಡಿಯಾಗುತ್ತದೆ. ಎತ್ತರದ ಗಿಡಗಳು ಬೆಳೆಯುವುದೇ ನಿಧಾನ. ಸೈಲೀನ್ ಅಕಾಲಿಸ್ ಅನ್ನುವ ದಿಂಬಿನಂಥ ಸಣ್ಣ ಗಿಡ ಉತ್ತರದ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ, ಅದು ಹೂ ಬಿಡಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಗಬಹುದು. ಅದರ ಮೇಲೆ ಕೂತು ತಿಂಡಿ ತಿಂದು ಎದ್ದುಹೋಗುವವರಿಗೆ ಅದು ಮೆತ್ತನೆ ಜಾಗ ಅಷ್ಟೇ. ಹೋಗುವ ಮೊದಲು, ಬಂದ ಮೇಲೆ ಶೂ ತಳ ಉಜ್ಜಿ ತೊಳೆಯಿರಿ. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳನ್ನು ಸಾಯಿಸುವ ರೋಗ ಮಣ್ಣಿನ ಮೂಲಕ ಹರಡುತ್ತದೆ ಅಂತ ಕಾಡಿನ ಬಾಗಿಲಲ್ಲೇ ಶೂ ತೊಳೆಯುವ ವ್ಯವಸ್ಥೆ ಮಾಡಿದ್ದಾರೆ.

ರಾತ್ರಿಯ ಬಗ್ಗೆ ಎರಡು ಮಾತು. ತಿಂಡಿ ಪೊಟ್ಟಣಗಳನ್ನು ಬ್ಯಾಗಿನಲ್ಲಿ ಬಿಡಬೇಡಿ, ಇಲಿ ಬ್ಯಾಗನ್ನೇ ಕೊರೆಯುತ್ತದೆ. ಮುಚ್ಚಳ ಇರುವ ಗಟ್ಟಿ ಡಬ್ಬಿಯಲ್ಲಿಡಿ. ಮಲಗಲು ಒಂದು ಜೊತೆ ಒಣ ಕಾಲುಚೀಲ ಬೇರೆ ಇಟ್ಟುಕೊಳ್ಳಿ, ಏನೇ ಆದರೂ ಹಗಲು ಅದನ್ನು ಹಾಕಬೇಡಿ. ಬೆಳಗಿನ ಸಾಮಾನು ರಾತ್ರಿಯೇ ಜೋಡಿಸಿ. ನಸುಕಿನಲ್ಲಿ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುವವರಷ್ಟು ಪಕ್ಕದ ಕೋಣೆಯವರ ಶಾಪ ಯಾರಿಗೂ ತಟ್ಟುವುದಿಲ್ಲ.

ಬೈನಾಕ್ಯುಲರ್ ಖಂಡಿತ ಕೊಡಿಸಿ. 8x32 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 32 ಮಿಲಿಮೀಟರ್ ಅಗಲ ಇರುವುದು. ಅಂಗಡಿಯವರು 10x50 ತೋರಿಸಿ ಇದರಲ್ಲಿ ದೊಡ್ಡದಾಗಿ ಕಾಣುತ್ತದೆ ಅನ್ನುತ್ತಾರೆ. ಒಂಬತ್ತು ವರ್ಷದ ಕೈಗೆ ಅದು ಭಾರ, ನಡುಗುತ್ತದೆ, ನೋಡುವ ಜಾಗವೂ ಸಣ್ಣದಾಗುತ್ತದೆ. ಇದರಿಂದ ಇನ್ನೊಂದು ಅನುಕೂಲ ಇದೆ, ದೂರ ಇದ್ದೇ ನೋಡಬಹುದು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಬೇರೆ ಪ್ರಾಣಿಗಳಿಂದ 23 ಮೀಟರ್ ದೂರ ಇರಬೇಕು ಅನ್ನುವ ನಿಯಮ ಇದೆ. ನೀವು ಹೋಗುವ ಕಡೆ ಅಂಕಿ ಬೇರೆ ಇರಬಹುದು. ಮಗಳಿಗೆ ಹೀಗೆ ಹೇಳಿಕೊಡಿ: ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತು, ಒಂದು ಕಣ್ಣು ಮುಚ್ಚು. ದೊಡ್ಡ ಪ್ರಾಣಿ ಹೆಬ್ಬೆರಳ ಹಿಂದೆ ಪೂರ್ತಿ ಮರೆಯಾಗದಿದ್ದರೆ ನಾವು ತೀರಾ ಹತ್ತಿರ ಇದ್ದೇವೆ. ಮೇಯುವುದು ಬಿಟ್ಟು ತಲೆ ಎತ್ತಿ ನಮ್ಮನ್ನೇ ನೋಡಿದರೂ ಅಷ್ಟೇ, ಹಿಂದೆ ಸರಿಯಬೇಕು. ಮೊದಲು ಬರಿಗಣ್ಣಲ್ಲಿ ಪ್ರಾಣಿಯನ್ನು ಹಿಡಿದು, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಮಕ್ಕಳು ಮೊದಲೇ ಕಣ್ಣಿಗಿಟ್ಟುಕೊಂಡು ಬೆಟ್ಟವಿಡೀ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಹೊರಡುವ ಮೊದಲು ಒಂದು ವಾರ ಮನೆಯ ಮಾಳಿಗೆಯಿಂದ ಕಾಗೆ ನೋಡಿ ಅಭ್ಯಾಸ ಮಾಡಲಿ. ಮೂರನೇ ದಿನ ಬೆಳಗ್ಗೆ ಗೆಸ್ಟ್‌ಹೌಸಿನ ಮೆಟ್ಟಿಲ ಮೇಲೆ ಎಲ್ಲರಿಗಿಂತ ಮೊದಲು ಅವಳೇ ಏನಾದರೂ ಹಿಡಿದು ತೋರಿಸಬಹುದು.